ಗಾರ್ಡ್ ಸಾಹೇಬರ ಚಪ್ಪಡಿ

ಕಾಚಿಗೂಡ ಸ್ಟೇಷನ್ನಿನಿಂದ ತುಸು ದೂರದಲ್ಲಿ, ಕ್ರೈಸ್ತರ ಸ್ಮಶಾನದ ಗೋಡೆಗೆ ಒರಗಿಕೊಂಡು ಚಂದ್ರಾಮನ ತಗಡಿನ ಶೆಡ್ಡಿದೆ. ಅವನ ಊರು ಶಹಾಬಾದ್. ಅಪ್ಪನ ಜೊತೆ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದವನು ಹೈದರಾಬಾದಿಗೆ ಬಂದು ಸಮಾಧಿ ಕಲ್ಲಿಗೆ ಅಕ್ಷರ ಕೆತ್ತುವವನಾದ. ‘ಕರ್ತನಲ್ಲಿ ನಿದ್ರಿಸಿದರು’ ಎಂದು ತೆಲುಗು, ಇಂಗ್ಲಿಷ್, ಕನ್ನಡ ಮೂರರಲ್ಲೂ ಕೆತ್ತಬಲ್ಲ. ಒಂದರಲ್ಲೂ ನಂಬುವುದಿಲ್ಲ.

ಹಾಗಂತ ಗುಡಿಗೆ ಹೋಗುವವನೂ ಅಲ್ಲ. “ಗಣಪತಿ ಸೊಂಡಿಲು ಮುರಿದ್ರ ಅಂಟು ಹಚ್ಚಿ ಕೊಡೋನು ನಾ. ನಾನ ಹೆಂಗ ಕೈ ಮುಗೀಲಿ?” ಎನ್ನುತ್ತಾನೆ.

ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಬೂದೆಪ್ಪ. ಬೀದರಿನ ಮೆಥೋಡಿಸ್ಟ್ ಮನೆತನದವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಕೂಸಿದ್ದಾಗ ಆದ ದೀಕ್ಷಾಸ್ನಾನದ ಬಗ್ಗೆ, “ನನ್ನ ಕೇಳದ ತಲಿ ತೋಯಿಸಿದ್ರು. ಅವತ್ತಿನ ನೆಗಡಿ ಇನ್ನೂ ಹೋಗಿಲ್ಲ” ಎನ್ನುತ್ತಿದ್ದರು. ಹೆಂಡತಿ ಗಂಗೂಬಾಯಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಒಂದು ಭಾನುವಾರವೂ ಚರ್ಚು ತಪ್ಪಿಸಿದವರಲ್ಲ. ಆಕೆ ಅತ್ತ ಹೋದರೆ ಗಾರ್ಡ್ ಸಾಹೇಬರು ಇತ್ತ ಶೆಡ್ಡಿಗೆ ಬಂದು, ಮೂಲೆಯ ಒಂದು ನೀಲಿಗಲ್ಲಿನ ಚಪ್ಪಡಿಯ ಮೇಲೆ ಕೂತು ಚಹಾ ಹೀರುತ್ತಿದ್ದರು. ಆರಾಧನೆ ಮುಗಿಸಿ ಆಕೆ ಅವರನ್ನು ಕರೆದೊಯ್ಯಲು ಬರುತ್ತಿದ್ದರು.

“ಪಾಸ್ಟರ್ ನಿಮ್ಮನ್ನ ಕೇಳಿದ್ರು.”

“ನಾನೂ ಅವರ ದೇವರನ್ನ ಕೇಳೀನಂತ ಹೇಳು. ಇನ್ನೂ ಭೆಟ್ಟಿ ಆಗಿಲ್ಲ.”

“ನಡೆಸಾಂವ ಇಲ್ಲದ ಈ ಲೋಕ ನಡೀತೈತೇನ್ರಿ?”

“ಮೆಟ್ರೋದಾಗ ಗಾರ್ಡ್ ಅದಾನೇನು? ಓಡ್ತಿಲ್ಲ?”

“ಡ್ರೈವರ್ ಇರ್ತಾನಲ್ರಿ!”

ಸಾಹೇಬರು ಒಂದು ಗುಟುಕು ಚಹಾ ಹೆಚ್ಚಿಗೆ ಕುಡಿಯುತ್ತಿದ್ದರು. ಆಕೆ ಬಿಡುತ್ತಿರಲಿಲ್ಲ. “ದೇವರ ಇಲ್ಲಂದ್ರ ಈ ಬಾಳಿಗೆ ಏನ ಅರ್ಥ, ಹೇಳ್ರಿ.”

“ಮುಂಜಾನಿ ಚಾ, ಮಧ್ಯಾಹ್ನ ರೊಟ್ಟಿ, ನಡುವ ನಿನ್ನ ಜೋಡಿ ಜಗಳ. ಸಾಲಂಗಿಲ್ಲೇನು ಗಂಗೂ?”

“ನಾ ಒಬ್ಬಾಕಿ ಸ್ವರ್ಗಕ್ಕ ಹೋಗಿ ಏನ ಮಾಡ್ಲಿ?” ಇದನ್ನು ಹೇಳುವಾಗ ಮಾತ್ರ ಆಕೆಯ ದನಿಯಲ್ಲಿ ಜಗಳ ಇರುತ್ತಿರಲಿಲ್ಲ.

“ಅಲ್ಲಿ ಭಾಳ ಮಂದಿ ಪಾಸ್ಟರ್ ಇರ್ತಾರ. ಹೊತ್ತು ಹೋಗ್ತೈತಿ.”

ಒಂದು ಭಾನುವಾರ ಆಕೆ ಬರುವ ಮುನ್ನ ಸಾಹೇಬರು ತಾವು ಕೂತ ಚಪ್ಪಡಿಯನ್ನು ತಟ್ಟಿ ಹೇಳಿದರು: “ಕೂತು ಕೂತು ಇದನ್ನ ಬೆಚ್ಚಗ ಮಾಡಿಟ್ಟೀನಿ. ನಾ ಸತ್ತ ಮ್ಯಾಲೆ ಇದನ್ನ ಹಾಕು. ನನ್ನ ಹೆಸರಿಗೆ ಶಿಲುಬಿ ಬ್ಯಾಡ, ಬೈಬಲ್ ವಚನ ಬ್ಯಾಡ. ಬರೇ ಹೆಸರು. ಮಾತು ಕೊಡು.” ಚಂದ್ರಾಮ ಕೊಟ್ಟ.

ಚಳಿಗಾಲ ಮುಗಿಯುವ ಹೊತ್ತಿಗೆ ಸಾಹೇಬರು ಗೋಡೆಯಾಚೆ ಮಲಗಿದರು. ದೀಕ್ಷಾಸ್ನಾನ ಆಗಿತ್ತಾದ್ದರಿಂದ ಪಾಸ್ಟರ್ ತಕರಾರು ಮಾಡಲಿಲ್ಲ. ತಕರಾರು ಶುರುವಾದದ್ದು ಶೆಡ್ಡಿನಲ್ಲಿ.

“ಶಿಲುಬಿ ಬೇಕು, ಕೆಳಗ ವಚನ ಬೇಕು” ಎಂದರು ಗಂಗೂಬಾಯಿ.

“ಸಾಹೇಬ್ರಿಗೆ ಮಾತು ಕೊಟ್ಟೀನ್ರಿ ಅಕ್ಕಾ.”

“ಯಾವ ಸಾಹೇಬ್ರಿಗೆ? ಸತ್ತವರು ಎಲ್ಲೂ ಇರಂಗಿಲ್ಲ ಅಂತಿದ್ರಲ್ಲ ನೀವಿಬ್ಬರೂ. ಇಲ್ಲದವರಿಗೆ ಯಾಕ ಅಂಜತಿ?”

ಚಂದ್ರಾಮ ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. “ಸಾಹೇಬ್ರು ಇಲ್ಲರಿ. ಮಾತು ಐತಿ” ಎಂದ.

“ಕೆತ್ತು ಹಂಗಾರ. ನನ್ನ ಕರ್ತ ನೋಡ್ಕೊತಾನ.” ಆಕೆ ಸೆರಗು ಸುತ್ತಿಕೊಂಡು ಹೊರಟೇ ಹೋದರು.

ಮರುದಿನ ಚಂದ್ರಾಮ ಚಪ್ಪಡಿ ತೊಳೆದು ಕೆಲಸಕ್ಕೆ ಕೂತ. ಎದುರಿನ ಹೂವಿನಂಗಡಿಯ ಕೃಷ್ಣಾಬಾಯಿಗೆ ಕೇಳುವಂತೆ ಗಂಗೂಬಾಯಿಯ ಹಟವನ್ನು ಬಯ್ಯುತ್ತಿದ್ದ. ಬಾಯಿ ಬಯ್ಯುತ್ತಿತ್ತು, ಕೈ ಹೊಡೆಯುತ್ತಿತ್ತು. ಬಯ್ಗುಳ ತೀರಿದ ಮೇಲೆ ಕೆಳಗೆ ನೋಡಿದ. ಅವನ ಕೈ ಎಲ್ಲ ಕಲ್ಲುಗಳಿಗೂ ಮಾಡುವಂತೆ ಮೊದಲು ಶಿಲುಬೆಗೇ ಹೋಗಿತ್ತು. ಮೇಲಿನ ಗಿಡ್ಡ ತೋಳು, ಎರಡು ಪಕ್ಕದ ತೋಳು ಮುಗಿದಿದ್ದವು. ಉದ್ದನೆಯ ಕಾಲೊಂದೇ ಬಾಕಿ.

ಗಂಗೂಬಾಯಿ ಬಂದದ್ದು ಆಗಲೇ.

“ನೋಡಿದ್ಯಾ! ಕರ್ತನ ನಿನ್ನ ಕೈ ಹಿಡಿದು ಕೆತ್ತಿಸ್ಯಾನ!”

“ಕರ್ತ ಅಲ್ರಿ ಅಕ್ಕಾ, ಚಟ. ಹಿಂದಕ ಒಬ್ಬ ಶೇಟ್‌ಜಿಯ ಹೊಸ್ತಿಲ ಕಲ್ಲಿಗೂ ಹಿಂಗ ಮಾಡಿ ಬೈಸ್ಕೊಂಡೀನಿ.” ಅವನ ಮುಖ ಕಲ್ಲುಪುಡಿಗಿಂತ ಬಿಳಿಚಿತ್ತು. “ಬ್ಯಾರೆ ಚಪ್ಪಡಿ ತರಿಸಬಹುದು. ಆದ್ರ ಸಾಹೇಬ್ರು ಕೂತದ್ದು ಇದು.”

ಗಂಗೂಬಾಯಿ ನಗುವುದನ್ನು ನಿಲ್ಲಿಸಿದರು. ಚಪ್ಪಡಿಯ ಅಂಚಿಗೆ ಕೂತು, ನಡುವೆ ಸವೆದು ನುಣುಪಾದ ಜಾಗವನ್ನು ಅಂಗೈಯಿಂದ ಸವರಿದರು. ಗೆದ್ದ ಮೇಲೂ ಎದುರಿಗೆ ಸೋತವರು ಇರಲಿಲ್ಲ.

ಆ ಸ್ಮಶಾನದಲ್ಲಿ ಜಾಗ ಸಾಲದು. ಗಂಡ ಹೆಂಡತಿಗೆ ಒಂದೇ ಕುಣಿ. ಎರಡನೆಯವರು ಹೋದಾಗ ಅದನ್ನೇ ತೆಗೆದು ಮೊದಲಿನವರ ಮೇಲೆ ಮಲಗಿಸುತ್ತಾರೆ. ಅದಕ್ಕೇ ಚಪ್ಪಡಿಯ ಕೆಳಗಿನ ಅರ್ಧ ಖಾಲಿ ಬಿಡುತ್ತಾರೆ.

“ಕೆಳಗಿನ ಅರ್ಧ ಯಾರದು?” ಕೇಳಿದರು ಗಂಗೂಬಾಯಿ.

“ನಿಮ್ಮದ್ರಿ.”

“ತಿರುಗಿಸು ಮತ್ತ.”

ಚಂದ್ರಾಮ ಕಲ್ಲನ್ನು ಗೇಣು ಹಾಕಿ ಅಳೆದ. ತಲೆ ಬುಡ ಮಾಡಿ ತಿರುಗಿಸಿದರೆ ಶಿಲುಬೆ ಆಕೆಯ ಅರ್ಧಕ್ಕೆ ಬರುತ್ತದೆ. ಆಗ ಕೆಳಮುಖವಾಗುವ ಗಿಡ್ಡ ತೋಳನ್ನು ಇನ್ನಷ್ಟು ಎಳೆದರೆ ಅದೇ ಕಾಲು. ಮೇಲೆ ಹೊಸದೊಂದು ತೋಳು ಕೆತ್ತಿದರಾಯಿತು. ಸಾಹೇಬರ ಅರ್ಧ ಖಾಲಿ, ಬರೇ ಹೆಸರಿಗೆ.

“ನೀವು ಒಪ್ಪಿದ್ರೇನ್ರಿ ಅಕ್ಕಾ?”

“ಒಪ್ಪೂದು ಎಲ್ಲಿ ಬಂತು? ಕೆಳಗ ಅವರು, ಮ್ಯಾಲೆ ನಾನು. ಕಡೀ ದಿನ ಸತ್ತವರನ್ನ ಎಬ್ಬಿಸೋ ತುತ್ತೂರಿ ಊದಿದ್ರ ಮೊದಲ ನನಗ ಕೇಳತೈತಿ. ಅವರು ಎಂದರ ತಾವಾಗಿ ಎದ್ದಾರೇನು? ಜಿಂದಗಿ ತುಂಬಾ ಡ್ಯೂಟಿಗೆ ನಾನ ಎಬ್ಬಿಸೀನಿ. ಇನ್ನೊಮ್ಮೆ ಎಬ್ಬಿಸ್ತೀನಿ.”

“ಊದದಿದ್ರ?”

“ಊದದಿದ್ರ ಮಲಗಿರ್ತೀವಿ. ‘ನೋಡು, ನಾನ ಗೆದ್ದೆ’ ಅನ್ನಾಕ ಅವರಿಗೆ ಎಚ್ಚರ ಬ್ಯಾಡೇನು?”

ಕೃಷ್ಣಾಬಾಯಿಯೂ ಬಂದು ಕೈ ಹಚ್ಚಿದಳು. ಚಪ್ಪಡಿ ತಿರುಗಿತು. ಮೇಲಿನ ಅರ್ಧಕ್ಕೆ ಚಂದ್ರಾಮ ‘ಬೂದೆಪ್ಪ’ ಎಂದಷ್ಟೇ ಕೆತ್ತಿದ, ತನ್ನ ಕೈಯ ಮೇಲೆ ಕಣ್ಣಿಟ್ಟುಕೊಂಡೇ. ಆಮೇಲೆ ಶಿಲುಬೆಗೆ ಕಾಲು ಬಂತು, ಮೇಲಿನ ತೋಳು ಬಂತು, ಅದರ ಎರಡು ಪಕ್ಕಕ್ಕೆ ವಚನ, ಗಂಗೂಬಾಯಿಯ ಹೆಸರು. ಹುಟ್ಟಿದ ವರ್ಷ ಕೇಳಿದ. ಆಕೆ ತುಸು ತಡೆದು ಹೇಳಿದರು. ಒಂದೆರಡು ವರ್ಷ ಇಳಿಸಿ ಹೇಳುತ್ತಿದ್ದಾರೆಂದು ಅವನಿಗೆ ಖಾತ್ರಿಯಾಯಿತು.

ಅದನ್ನೂ ನಂಬದೆ, ಚೆಂದಗೆ ಕೆತ್ತಿದ.