ಬೆರಳಿಗೆ ಸಿಗದ ಬ್ರೇಕು

ಗುಡ್ಡವೇ ಇಲ್ಲದ ಊರಿನಲ್ಲಿ ಮೌಂಟನ್ ಬೈಕ್ ಕೊಂಡ ಮಹಾನುಭಾವ ನಾನು. ವಡೋದರಾದಲ್ಲಿ ನಾನು ಏರಿದ ಅತಿ ಎತ್ತರದ ಶಿಖರವೆಂದರೆ ರೈಲ್ವೆ ಮೇಲ್ಸೇತುವೆ. ಅದನ್ನೂ ಅರ್ಧಕ್ಕೆ ಇಳಿದು ತಳ್ಳಿಕೊಂಡೇ ದಾಟಿದ್ದೇನೆ. ಸೈಕಲ್ಲು ಕೊಂಡದ್ದು ಹೊಟ್ಟೆ ಕರಗಿಸುವ ಸಂಕಲ್ಪದಿಂದ. ಬೆಳಗಾಗೆದ್ದರೆ ಬಿಸಿ ಫಾಫ್ಡಾ, ಜಿಲೇಬಿ ಕರಿಯುವ ಊರಿನಲ್ಲಿ ಆ ಸಂಕಲ್ಪ ಎಷ್ಟು ದಿನ ಬಾಳೀತು, ನೀವೇ ಹೇಳಿ. ಮೂರನೆಯ ವಾರಕ್ಕೆ ಸೈಕಲ್ಲು ಮೆಟ್ಟಿಲ ಕೆಳಗೆ ಧೂಳು ಹಿಡಿಯುತ್ತಾ ನಿಂತಿತ್ತು, ಹೊಟ್ಟೆ ಇದ್ದಲ್ಲೇ ಇತ್ತು.

ಆಗ, ಎಂದರೆ ಎರಡು ಸಾವಿರದ ಮೂರರ ಸುಮಾರಿಗೆ, ನಾನು ಮಕರಪುರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಪೊಲೀಸ್ ಅಂದುಕೊಳ್ಳಬೇಡಿ, ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಟರ್. ಒಂದು ಬಿಡಿಭಾಗ ಕೂದಲೆಳೆಯಷ್ಟು ದಪ್ಪವಾದರೂ ಅದನ್ನು ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ಜೇಬಿನಲ್ಲಿ ಪೆನ್ನು ಇರುತ್ತಿತ್ತೋ ಇಲ್ಲವೋ, ಅಳೆಯುವ ವರ್ನಿಯರ್ ಮಾತ್ರ ಇದ್ದೇ ಇರುತ್ತಿತ್ತು. ದಿನವಿಡೀ ಅಳೆಯುವವನಿಗೆ ಒಂದು ಸೊಕ್ಕು ಬಂದುಬಿಡುತ್ತದೆ. ತಾನು ಅಳೆಯದೆ ಬಿಟ್ಟದ್ದು ಲೋಕದಲ್ಲಿ ಏನೂ ಇಲ್ಲ ಅನ್ನಿಸತೊಡಗುತ್ತದೆ.

ಆ ವರ್ಷ ಮೇ ತಿಂಗಳಲ್ಲಿ ನನ್ನ ಹೆಂಡತಿ ವಿಮಲಾಳಿಗೆ ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ಮದುವೆಗೆ ಮುಂಚೆ ಧಾರವಾಡದಲ್ಲಿ ಅದೇ ಕೆಲಸ ಮಾಡಿಕೊಂಡಿದ್ದವಳು, ಭಾಷೆ ಬಾರದ ಊರಿಗೆ ಬಂದು ಮೂರು ವರ್ಷ ನಾಲ್ಕು ಗೋಡೆ ನೋಡಿಕೊಂಡಿದ್ದಳು. ಹೆಡ್‌ಮಿಸ್ಟ್ರೆಸ್ ಫೋನ್ ಇಟ್ಟ ಮೇಲೆ ಅವಳ ಮುಖ ನೋಡಬೇಕಿತ್ತು ನೀವು! ತೊಡಕು ಒಂದೇ. ಶಾಲೆ ನಾಲ್ಕು ಕಿಲೋಮೀಟರ್ ದೂರ, ಆ ಕಡೆಗೆ ಬಸ್ಸಿಲ್ಲ, ಶೇರ್ ರಿಕ್ಷಾ ಇಲ್ಲ. "ಸೈಕಲ್ ಐತಲ್ಲ, ಮತ್ತೇನ್ ಬೇಕು?" ಅಂದಳು ವಿಮಲಾ. ಹುಡುಗಿಯಾಗಿದ್ದಾಗ ಅಪ್ಪನ ಕರಿ ಸೈಕಲ್ಲನ್ನು ಊರೆಲ್ಲ ಹೊಡೆದವಳು. ಬರುತ್ತಾಳೋ ಇಲ್ಲವೋ ಎಂದು ತಿಳಿಸಲು ಶಾಲೆಯವರು ಎರಡು ವಾರ ಕೊಟ್ಟಿದ್ದರು.

ನಾನು ಸೀಟು ತಗ್ಗಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ, ಗುರುಪೀಠ ಏರಿದೆ. ನಮ್ಮ ಸೊಸೈಟಿಯ ಅಂಗಳದಲ್ಲಿ ವಿಮಲಾ ಚೆನ್ನಾಗಿಯೇ ಹೊಡೆಯುತ್ತಿದ್ದಳು. ನಿಲ್ಲಿಸುವ ಹೊತ್ತಿಗೆ ಮಾತ್ರ ಮುಖ ಬಿಳಿಚಿಕೊಂಡು, ಎರಡೂ ಕಾಲು ನೆಲಕ್ಕೆ ಊರಿ, ಚಪ್ಪಲಿ ತೇಯಿಸುತ್ತಾ ಹತ್ತು ಮಾರು ಮುಂದೆ ಹೋಗಿ ನಿಲ್ಲುತ್ತಿದ್ದಳು.

"ಬ್ರೇಕ್ ಒತ್ತು, ಬ್ರೇಕ್!" ಎಂದು ನಾನು ಕೂಗುತ್ತಿದ್ದೆ.

"ಕೈಗೆ ಸಿಗವಲ್ದ್ರೀ ಅದು."

"ಸಿಗದೇನು? ಮನಸ್ಸು ಗಟ್ಟಿ ಮಾಡು, ಕೈ ತಾನ ಹೋಗತೈತಿ."

ಹತ್ತು ದಿನ ಇದೇ ಪಾಠ, ಇದೇ ಉತ್ತರ. ಭಯದ ಬಗ್ಗೆ ಉಪನ್ಯಾಸ ಕೊಟ್ಟೆ, ಮನೋಬಲದ ಬಗ್ಗೆ ಕೊಟ್ಟೆ. ನಾನು ಬಾವಿಯಲ್ಲಿ ಈಜು ಕಲಿತ ಕಥೆಯನ್ನು ಎರಡು ಸಲ ಹೇಳಿದೆ. ಕೊನೆಯ ಮೆಟ್ಟಿಲು ಬಿಟ್ಟು ಆಚೆಗೆ ಹೋಗಿರಲಿಲ್ಲ ಎಂಬ ಭಾಗವನ್ನು ಎರಡು ಸಲವೂ ಬಿಟ್ಟೆ. ಪ್ರತಿದಿನ ಬ್ರೇಕನ್ನು ನಾನೇ ಒತ್ತಿ ತೋರಿಸುತ್ತಿದ್ದೆ, ಗಕ್ಕನೆ ಹಿಡಿಯುತ್ತಿತ್ತು. ಬ್ರೇಕು ಸರಿ ಇದೆ ಅಂದಮೇಲೆ ಹೆಂಡತಿಯಲ್ಲೇ ದೋಷ ಇರಬೇಕು ಎಂದು ಇನ್‌ಸ್ಪೆಕ್ಟರ್ ತೀರ್ಪು ಕೊಟ್ಟಾಗಿತ್ತು.

ಶನಿವಾರ ಬೆಳಿಗ್ಗೆ ಮೇಲಿನ ಮನೆಯ ಹಂಸಾಬೆನ್ ಅಂಗಳದಲ್ಲಿ ಮಂಚ ಹಾಕಿ ಹಪ್ಪಳ ಒಣಗಿಸಿದ್ದರು. ವಿಮಲಾ ತಿರುವಿನಲ್ಲಿ ಬಂದಳು, ಚಪ್ಪಲಿ ತೇಯಿಸಿದಳು, ಅದರ ಉಂಗುಷ್ಟದ ಪಟ್ಟಿ ಕಿತ್ತುಹೋಯಿತು. ಮರುಗಳಿಗೆ ಅವಳೂ ಸೈಕಲ್ಲೂ ಹಪ್ಪಳದ ಮೇಲೆ. ಮೊಣಕೈ ತರಚಿ ರಕ್ತ ಬಂದಿತ್ತು. ನಾನು ಓಡಿಹೋಗಿ ಮೊದಲು ಎತ್ತಿದ್ದು ಸೈಕಲ್ಲನ್ನು. ಬರೆಯುವಾಗಲೂ ನಾಚಿಕೆಯಾಗುತ್ತದೆ. ಸಾಲದ್ದಕ್ಕೆ, "ನಿನ್ನ ಕೈಲೆ ಆಗಂಗಿಲ್ಲ ಬಿಡು, ನಿನಗ ಧೈರ್ಯನ ಇಲ್ಲ," ಅಂದುಬಿಟ್ಟೆ.

ವಿಮಲಾ ಮುರಿದ ಹಪ್ಪಳ ಆರಿಸುತ್ತಾ, ತಲೆ ಎತ್ತದೆ, "ಆತು. ಬರಂಗಿಲ್ಲ ಅಂತ ಸಾಲಿಗೆ ಫೋನ್ ಮಾಡ್ತೀನಿ," ಅಂದಳು. ಆ ದನಿ ಕೇಳಿಯೂ ನನಗೆ ಬುದ್ಧಿ ಬರಲಿಲ್ಲ ನೋಡಿ. ವರ್ನಿಯರ್ ತೆಗೆದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಬ್ರೇಕಿನ ರಬ್ಬರು, ತಂತಿ, ಚಕ್ರದ ಸಂದು ಎಲ್ಲವನ್ನೂ ಅಳೆದು, "ಸೈಕಲ್ ಬರೋಬ್ಬರಿ ಐತಿ," ಎಂದು ಸಾರಿದೆ.

ಹಂಸಾಬೆನ್ ಕೆಳಗೆ ಬಂದರು. ಹಪ್ಪಳಕ್ಕಾಗಿ ಮಂಗಳಾರತಿ ಎತ್ತುತ್ತಾರೆ ಎಂದುಕೊಂಡಿದ್ದೆ. ಅರವತ್ತರ ವಯಸ್ಸಿನಲ್ಲೂ ಸ್ಕೂಟರ್ ಓಡಿಸುವ ಆ ತಾಯಿ ಸೊಂಟದ ಮೇಲೆ ಕೈಯಿಟ್ಟು, "ಸಬ್ ನಾಪ್ ಲಿಯಾ ನೇ, ಭಾಯ್? ಅಬ್ ಬೆನ್ ಕಾ ಹಾಥ್ ನಾಪೋ," ಅಂದರು. ಎಲ್ಲ ಅಳೆದಾಯಿತಲ್ಲ, ಇನ್ನು ಅವಳ ಕೈ ಅಳೆಯಿರಿ ಎಂದು.

ವಿಮಲಾ ಹ್ಯಾಂಡಲ್ ಹಿಡಿದು ಬೆರಳು ಚಾಚಿದಳು. ಉಗುರಿನ ತುದಿ ಬ್ರೇಕಿನ ಹಿಡಿಯನ್ನು ಸವರಿತು, ಅಷ್ಟೇ. ನಾನು ಹಿಡಿದೆ, ಎರಡನೆಯ ಗೆಣ್ಣಿನವರೆಗೂ ಸಲೀಸಾಗಿ ಹೋಯಿತು. ಅವಳಪ್ಪನ ಕರಿ ಸೈಕಲ್ಲಿನಲ್ಲಿ ಬ್ರೇಕಿನ ಸರಳು ಹ್ಯಾಂಡಲ್ಲಿಗೆ ಅಂಟಿಕೊಂಡಂತೆಯೇ ಇರುತ್ತಿತ್ತು, ಮುಷ್ಟಿ ಬಿಗಿದರೆ ಸಾಕಿತ್ತು. ಹತ್ತು ದಿನ ನಾನು ಮಾಲನ್ನು ಬೇರೆಯವರ ಕೈಗೆ ಕೊಡುವಾಗ ನನ್ನ ಕೈಯಲ್ಲೇ ಪರೀಕ್ಷೆ ಮಾಡಿದ್ದೆ. ಕಾರ್ಖಾನೆಯಲ್ಲಿ ಇನ್ನೊಬ್ಬರು ಹೀಗೆ ಮಾಡಿದ್ದರೆ ಮೆಮೋ ಕೊಡುತ್ತಿದ್ದೆ.

ಅಳತೆಗಳೆಲ್ಲ ಹುಟ್ಟಿದ್ದೇ ಮೈಯಿಂದ. ಬೆರಳು, ಗೇಣು, ಮೊಳ, ಮಾರು. ಯಾರ ಮೈಯಿಂದ ಎಂದು ಕೇಳಿದವರು ಕಡಿಮೆ. ನಮ್ಮವ್ವ ಒಬ್ಬಳು ಕೇಳುತ್ತಿದ್ದಳು. ಸಂತೆಯಲ್ಲಿ ಎಷ್ಟು ದೂರವಾದರೂ ನಡೆದು, ಉದ್ದ ಕೈಯ ಹೂವಾಡಗಿತ್ತಿಯನ್ನೇ ಹುಡುಕಿ ಮಲ್ಲಿಗೆ ಕೊಳ್ಳುತ್ತಿದ್ದಳು. ಅವಳ ಮೊಳಕ್ಕೆ ನಾಲ್ಕು ಹೂವು ಹೆಚ್ಚು. ಸೈಕಲ್ಲಿನ ಬ್ರೇಕನ್ನೂ ಯಾವನೋ ಒಬ್ಬ ತನ್ನ ಕೈ ಇಟ್ಟೇ ಅಳೆದಿರಬೇಕು, ನನ್ನಂಥವನೇ. ಆದರೆ ಪುಣ್ಯಾತ್ಮ, ಹಿಡಿಯ ಬುಡದಲ್ಲಿ ಜೋಳದ ಕಾಳಿನಷ್ಟು ಒಂದು ಸ್ಕ್ರೂ ಇಟ್ಟಿದ್ದ. ಅದನ್ನು ಒಳಕ್ಕೆ ತಿರುಗಿಸಿದರೆ ಹಿಡಿ ಹತ್ತಿರ ಬರುತ್ತದೆ. ಅವನಿಗೆ ತನ್ನ ಕೈಯ ಮೇಲೆ ಒಂದು ಸಣ್ಣ ಅನುಮಾನವಾದರೂ ಇತ್ತು. ನನಗೆ ಅದೂ ಇರಲಿಲ್ಲ.

ಆ ಸ್ಕ್ರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ಅಲಂಕಾರಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ. ವಿಮಲಾ ಅದರ ತಲೆಯ ಸೀಳು ನೋಡಿ, ಹೊಲಿಗೆ ಯಂತ್ರದ ಪುಟ್ಟ ಸ್ಕ್ರೂಡ್ರೈವರ್ ತಂದು ತಾನೇ ತಿರುಗಿಸಿದಳು. ಒಂದು ಸುತ್ತು, ಎರಡು ಸುತ್ತು, ಬೆರಳಿಟ್ಟು ನೋಡಿ ಇನ್ನರ್ಧ. ಹಿಡಿ ಒಳಬಂದಾಗ ತಂತಿ ಬಿಗಿದು ರಬ್ಬರು ಚಕ್ರಕ್ಕೆ ಉಜ್ಜತೊಡಗಿತು; ಆಗ ತಂತಿಯನ್ನು ಚೂರು ಸಡಿಲಿಸುವ ಕೆಲಸ ನನಗೆ ಬಂತು. ಅಷ್ಟಾದರೂ ಮರ್ಯಾದೆ ಉಳಿಯಿತು. ವಿಮಲಾ ಹತ್ತಿ ಒಂದು ಸುತ್ತು ಹೊಡೆದಳು. ಹಪ್ಪಳದ ಮಂಚಕ್ಕೆ ನೇರವಾಗಿ ಬಂದು, ಗೇಣು ದೂರದಲ್ಲಿ ಗಕ್ಕನೆ ನಿಂತಳು. ಹಂಸಾಬೆನ್ ಚಪ್ಪಾಳೆ ತಟ್ಟಿದರು.

ಸೋಮವಾರ ವಿಮಲಾ ಶಾಲೆಗೆ ಫೋನ್ ಮಾಡಿ ಬರುತ್ತೇನೆ ಎಂದಳು. ಅಂದು ಸಂಜೆ ಚಹಾ ಕುಡಿಯುವಾಗ, "ನಂದ ತಪ್ಪಾತು," ಎಂದೆ. ಗಂಡಸಿನ ಬಾಯಿಂದ ಇಷ್ಟು ಹೊರಡುವುದೇ ಹೆಚ್ಚು, ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

"ಸಿಗವಲ್ದು ಅಂತ ಹತ್ತ ದಿನ ಹೇಳೀನಿ. ನಿಮಗ ಅಂಜಿಕಿ ಅಂತ ಕೇಳಿಸ್ತು," ಅಂದಳು. ಸಿಟ್ಟು ಇರಲಿಲ್ಲ, ನಗುತ್ತಲೇ ಹೇಳಿದಳು. "ಹೋಗ್ಲಿ ಬಿಡ್ರಿ. ಸೈಕಲ್ಲಂತೂ ಸರಿ ಆತು, ಇನ್ನ ಆ ಕನ್ನಡಿನೂ ಒಂದೀಟು ಕೆಳಗ ಇಳಸ್ರಿ."

ಪಡಸಾಲೆಯ ಕನ್ನಡಿ. ಈ ಮನೆಗೆ ಬಂದ ದಿನ ನಾನೇ ಮೊಳೆ ಹೊಡೆದು, ಮಟ್ಟ ನೋಡಿ, ನನ್ನ ಮುಖಕ್ಕೆ ಸರಿಯಾಗಿ ತೂಗುಹಾಕಿದ್ದು. ಮೂರು ವರ್ಷದಿಂದ ವಿಮಲಾ ಅದರ ಮುಂದೆ ತುದಿಗಾಲಲ್ಲಿ ನಿಂತು ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ನಾನು ಹಿಂದೆ ಕೂತು, ಹಾಗೆ ನಿಂತಾಗ ಎಷ್ಟು ಚೆಂದ ಕಾಣುತ್ತಾಳೆ ಎಂದು ನೋಡುತ್ತಿದ್ದೆ. ಎದ್ದುಹೋಗಿ, ಮೊಣಕಾಲು ಬಗ್ಗಿಸಿ, ಅವಳ ಎತ್ತರಕ್ಕೆ ಇಳಿದು ಕನ್ನಡಿ ನೋಡಿದೆ.

ಸೂರಿನ ಫ್ಯಾನು ಕಂಡಿತು.