ಹುಣಸೆ ರಾಶಿಯ ಸುತ್ತ ನಿಂತವರು

ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಪಕ್ಕ ಅಕ್ಕಿಕಾಳಿನಷ್ಟು ಉದ್ದದ ಸೀಳು ಬಿದ್ದಿತ್ತು. ಹುಣಸೆಹಣ್ಣು ಬಿಡಿಸುವವರಿಗೆ ಅದು ಮೂರನೇ ದಿನಕ್ಕೆ ಬರುತ್ತದೆ. ಹುಳಿ ಒಳಗಿಳಿದು, ಊಟಕ್ಕೆ ಕೈ ಹಾಕಿದರೆ ಸಾರು ತಾಗಿ ಚುರ್ರೆನ್ನುತ್ತದೆ.

ನಾನು ಗುಬ್ಬಿಯಲ್ಲಿ ಬಾಡಿಗೆಗಿದ್ದು ತುಮಕೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪಕ್ಕದ ಮನೆಯ ಅಕ್ಕನಿಗೆ ಗಂಡನಿಲ್ಲ. ಪ್ರತಿ ಬೇಸಿಗೆ ಸಿ.ಎಸ್. ಪುರದ ಅವರ ಭಾವ ತಮ್ಮ ಮರಗಳ ಹುಣಸೆ ತಂದು ಅವರ ನಡುಮನೆಯಲ್ಲಿ ಸುರಿಯುತ್ತಾರೆ. ಕುಟ್ಟಿ, ಸಿಪ್ಪೆ, ನಾರು, ಬೀಜ ತೆಗೆದುಕೊಟ್ಟರೆ ಸಿಗುವ ಕೂಲಿಯಿಂದಲೇ ಅಕ್ಕ ಯಾರ ಮುಂದೆಯೂ ಕೈಚಾಚದೆ ಬದುಕಿದ್ದಾರೆ. ಮೋಡ ಕಟ್ಟುವ ಮೊದಲು ಕೆಲಸ ಮುಗಿಯಬೇಕು, ತೇವ ತಗುಲಿದರೆ ಹಣ್ಣು ಕಪ್ಪಾಗುತ್ತದೆ. ಈ ಸಲ ರಾಶಿ ಬಂದು ಬಿದ್ದ ವಾರದಲ್ಲೇ ಅಕ್ಕ ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡರು.

ಕಾಲೇಜಿನಿಂದ ಬಂದು ದಿನಾ ಸಂಜೆ ನಾನು ಮರದ ಕೊಡತಿ ಹಿಡಿದು ಕುಟ್ಟತೊಡಗಿದೆ. ಅಕ್ಕ ಎದುರಿಗೆ ಕೂತು ಎಡಗೈಯಲ್ಲಿ ನಾರು ಎಳೆಯುತ್ತಿದ್ದರು.

"ಕಾಲೇಜಲ್ಲಿ ಆಸಿಡ್ ಪಾಠ ಹೇಳ್ತೀಯ, ಇಲ್ ಬಂದು ಕೈ ಸುಟ್ಕೊಂತೀಯಲ್ಲೇ ಮೇಡಮ್ಮ," ಎಂದು ನಗುತ್ತಿದ್ದರು. ಒಂದು ದಿನ ನೇರವಾಗಿಯೇ ಕೇಳಿದರು: "ನಿನಗ್ಯಾಕೆ ತಾಯಿ ಈ ಕರ್ಮ? ನೀನೇನ್ ನಮ್ ನೆಂಟ್ಳಾ?"

"ನಮ್ ಸ್ವಾಮಿ ಬಡಗಿ ಕೆಲಸ ಮಾಡ್ದವನು ಕಣಕ್ಕ. ಅವನನ್ನ ನಂಬ್ಕೊಂಡು ಸುಮ್ನೆ ಕೂತಿರೋಕಾಗಲ್ಲ."

"ಬಡಗಿನಾ? ಹಂಗಾದ್ರೆ ಕರಿ, ಈ ಕೊಡತಿ ಪಿಡಿ ಅಳ್ಳಾಡ್ತೈತೆ. ಸರಿ ಮಾಡ್ಕೊಟ್ಟು ಹೋಗ್ಲಿ."

ಇಬ್ಬರೂ ನಕ್ಕೆವು. ನನ್ನ ನಂಬಿಕೆಯ ಬಗ್ಗೆ ಆ ಮನೆಯಲ್ಲಿ ನಾನು ಆಡಿದ್ದು ಅಷ್ಟೇ. ಅಷ್ಟು ಸಾಕು ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ತಪ್ಪು ನನ್ನಿಂದಲೇ ಶುರುವಾಯಿತು. ತುಮಕೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರ ಸಾಕ್ಷಿ ಹೇಳುವ ರೂಢಿಯಿದೆ. ಆ ವಾರ ದೇವರು ತಮ್ಮನ್ನು ಹೇಗೆ ನಡೆಸಿದ ಎಂದು ಒಬ್ಬೊಬ್ಬರೇ ಎದ್ದು ಹೇಳುತ್ತಾರೆ. ನಾನು ಏಳುವವಳಲ್ಲ. ಆ ಭಾನುವಾರ ಎದ್ದೆ. ಹುಣಸೆಯ ಬಗ್ಗೆ ಹೇಳಿದೆ. ಎಲ್ಲರೂ ತಿರುಗಿ ನೋಡಿದಾಗ ನನಗೆ ಹಿತವಾಗಿತ್ತು. ಅದನ್ನು ಬಚ್ಚಿಡುವುದಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಸಭೆಯ ಹಿರಿಯರೊಬ್ಬರು ಏಳೆಂಟು ಜನರನ್ನು ಕಟ್ಟಿಕೊಂಡು, ನನಗೂ ಹೇಳದೆ, ಅಕ್ಕನ ಬಾಗಿಲಿಗೆ ಬಂದರು. "ಕೈ ಜೋಡಿಸೋಣ ಅಂತ ಬಂದ್ವಿ ಸಿಸ್ಟರ್," ಎಂದರು. ಬಂದವರನ್ನು ಕಳಿಸುವುದು ಅಕ್ಕನಿಗೆ ಗೊತ್ತಿಲ್ಲ, ಚಾಪೆ ಹಾಸಿದರು. ಸದ್ದು ಕೇಳಿ ನಾನೂ ಹೋದೆ. ಬಂದವರು ಅರ್ಧ ಗಂಟೆ ಕುಟ್ಟಿದರು. ಬೀಜ ಒಡೆದು ಹಣ್ಣಿಗೆ ಸೇರಿತು. ಆಮೇಲೆ ಎಲ್ಲರೂ ಎದ್ದು ರಾಶಿಯ ಸುತ್ತ ನಿಂತರು. ಹಿರಿಯರು ಅಕ್ಕನ ಬ್ಯಾಂಡೇಜಿನ ಮೇಲೆ ಕೈಯಿಟ್ಟು ಬೀದಿಗೆ ಕೇಳುವ ಹಾಗೆ ಪ್ರಾರ್ಥಿಸಿದರು. ಕಣ್ಣು ಮುಚ್ಚಿ ಎಂದರು. ಅಕ್ಕ ಮುಚ್ಚಲಿಲ್ಲ. ನನ್ನನ್ನೇ ನೋಡುತ್ತಿದ್ದರು. ನಾನು ಕಣ್ಣು ತಪ್ಪಿಸಿ ರಾಶಿಯತ್ತ ನೋಡಿದೆ. ಯಾರೋ ಫೋಟೋ ತೆಗೆದರು.

ಮಧ್ಯಾಹ್ನದೊಳಗೆ ಅದು ಸಭೆಯ ವಾಟ್ಸಾಪ್ ಗುಂಪಿನಲ್ಲಿತ್ತು. ಕೆಳಗೆ, 'ಗುಬ್ಬಿಯಲ್ಲಿ ಒಂದು ಬಾಗಿಲು ತೆರೆದಿದೆ' ಎಂದು ಬರೆದಿತ್ತು. ಆ ಬಾಗಿಲು ತೆರೆದಿದ್ದದ್ದು ಪಕ್ಕದ ಮನೆಯವಳಾದ ನನಗೆ. ಅದನ್ನು ಇವರು ತಮ್ಮದೆಂದು ಬರೆದುಕೊಂಡರು. ಫೋಟೋ ಗುಂಪಿನಿಂದ ಕುಣಿಗಲ್ಲಿನ ಯಾರಿಗೋ, ಅವರಿಂದ ಸಿ.ಎಸ್. ಪುರಕ್ಕೆ ಹೋಯಿತು. ಸಂಜೆ ಭಾವ ಅಕ್ಕನಿಗೆ ಫೋನ್ ಮಾಡಿದರು: ಸೋಮವಾರ ಗಾಡಿ ಬರುತ್ತದೆ, ರಾಶಿ ತುಂಬಿಸಿ ಕಳಿಸು, ಮತ ಬಿಟ್ಟವರ ಮನೆಗೆ ಇನ್ನು ಹುಣಸೆ ಬರುವುದಿಲ್ಲ.

ಅಕ್ಕ ಬಾಗಿಲಲ್ಲೇ ನಿಂತು ಇದನ್ನು ಹೇಳಿದರು. ಒಳಗೆ ಕರೆಯಲಿಲ್ಲ.

"ನಾನು ಬ್ಯಾಡ ಅನ್ನೋ ಹೊತ್ಗೆ ಅವರು ಅರ್ಧ ಪ್ರಾರ್ಥನೆ ಮುಗಿಸಿದ್ರು. ನೀನಾದ್ರೂ ಒಂದ್ ಮಾತು ಅನ್ಬೌದಿತ್ತು ಕಣೇ."

ಹಿರಿಯರಿಗೆ ಫೋನ್ ಮಾಡಿದೆ.

"ನಾವೇನ್ ತಪ್ಪು ಮಾಡಿದ್ವಿ ಸಿಸ್ಟರ್? ಪ್ರಾರ್ಥನೆ ತಾನೇ?"

"ಅವರನ್ನ ಕೇಳಿದ್ರಾ?"

"ಒಳ್ಳೇ ಕೆಲಸನ ಮುಚ್ಚಿಡಬಾರದು. ನಾಲ್ಕು ಜನಕ್ಕೆ ಗೊತ್ತಾದ್ರೆ ಉತ್ಸಾಹ ಬರುತ್ತೆ."

"ನಿಮ್ಮ ಉತ್ಸಾಹಕ್ಕೆ ಅವರ ಮುರಿದ ಕೈಯೇ ಬೇಕಿತ್ತಾ? ಮೊದಲು ಫೋಟೋ ಅಳಿಸಿ."

ಅಳಿಸಿದರು. ಅಳಿಸಿ, ನನಗಾಗಿ ಪ್ರಾರ್ಥಿಸುವುದಾಗಿ ಸಂದೇಶ ಕಳಿಸಿದರು. ಅದನ್ನು ಓದಿ ಫೋನನ್ನು ಬೋರಲಾಗಿಟ್ಟೆ. ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಯಾರಾದರೂ ಆಸ್ಪತ್ರೆ ಸೇರಿದರೆ ಮೊದಲು ಓಡುವವರು ಅವರೇ. ಆದರೆ ಮಾಡಿದ ಕೆಲಸಕ್ಕೆ ಪ್ರತಿಫಲವಾಗಿ ಸಭೆಗೆ ಗೆದ್ದ ಒಂದು ಆತ್ಮ ತೋರಿಸಲೇಬೇಕು ಅವರಿಗೆ. ಬಡಗಿಯ ಕೆಲಸ ಮಾಡಿದವನು ಯಾರ ಮನೆಯ ಬಾಗಿಲಿಗೆ ಚೌಕಟ್ಟು ಹಾಕಿದ್ದನೋ, ಆ ಮನೆಯವರನ್ನೆಲ್ಲ ತನ್ನವರೆಂದು ಸಾಲಾಗಿ ನಿಲ್ಲಿಸಿದ್ದನೇ? ನಾನೂ ಸಾಚಾ ಅಲ್ಲ. ಎದ್ದು ನಿಂತು ಹೇಳಿದವಳು ನಾನೇ.

ಮರುದಿನ ಭಾನುವಾರ ಬೆಳಿಗ್ಗೆ ನಾನು ಸಭೆಗೆಂದು ತುಮಕೂರಿನ ಬಸ್ಸು ಹತ್ತಲಿಲ್ಲ, ಸಿ.ಎಸ್. ಪುರದ ಬಸ್ಸು ಹತ್ತಿದೆ. ಭಾವನ ಮನೆ ಕೇಳಿಕೊಂಡು ಹೋದೆ. ಹಣೆಗೆ ವಿಭೂತಿ ಹಚ್ಚಿ ಜಗಲಿಯ ಮೇಲೆ ಕೂತಿದ್ದರು, ಜೊತೆಗೆ ಊರಿನ ಮೂವರು. ಅಪರಿಚಿತರ ಮುಂದೆ ಮಾತಾಡುವುದು ನನಗೆ ಆಗದ ಕೆಲಸ. ನಿಂತುಕೊಂಡೇ ಹೇಳಿದೆ: ಸಭೆಯವರನ್ನು ಕರೆದದ್ದು ಅಕ್ಕ ಅಲ್ಲ, ಬರುವಂತೆ ಮಾಡಿದ್ದು ನನ್ನ ಬಾಯಿ, ಅಕ್ಕ ಕಣ್ಣು ಕೂಡ ಮುಚ್ಚಿರಲಿಲ್ಲ, ಶಿಕ್ಷೆ ಕೊಡುವುದಾದರೆ ಅಕ್ಕನಿಗೆ ಬೇಡ.

"ರಾಶಿ ಅಲ್ಲೇ ಬಿಟ್ರೆ ಕುಟ್ಟೋರ್ಯಾರು? ನೀವು ಆ ಮನೆ ಮೆಟ್ಟಿಲು ತುಳಿಯಂಗಿಲ್ಲ," ಎಂದರು ಭಾವ.

"ತುಳಿಯಲ್ಲ. ನಿಮ್ ಮನೆಯವ್ರನ್ನೇ ಕಳ್ಸಿ. ಕೂಲಿ ಮಾತ್ರ ಅಕ್ಕನಿಗೇ ಸೇರ್ಲಿ."

ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. ನಾಳೆ ಗಾಡಿ ಬೇಡ, ನೀನು ಗುಬ್ಬಿಗೆ ಹೋಗಿ ಒಂದು ವಾರ ಇರು ಎಂದರು. ನಾನು ಕೈ ಮುಗಿದು ಹೊರಟು, ಬಸ್ಸಿಗೆ ಕಾಯುತ್ತ ಬಿಸಿಲಲ್ಲೇ ನಿಂತೆ.