ಹರಿವೆಕ್ಕನ ಮುಟ್ಟಾಳೆ

ಆ ದಿನ ಸುರತ್ಕಲ್ಲಿನ ನಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ಇದ್ದದ್ದು ಮೂರೇ ಜನ: ಫಳ್ನೀರಿನ ಫ್ಲ್ಯಾಟಿನಿಂದ ಕಾರಿನಲ್ಲಿ ಬಂದ ಗದ್ದೆಯ ಧನಿ, ಅವರ ಮೊಬೈಲು ಹಿಡಿದ ನಾನು, ಬರಿತಲೆಯಲ್ಲಿ ನಿಂತ ಹರಿವೆಕ್ಕ. ಅವರನ್ನು ಬರಿತಲೆಯಲ್ಲಿ ನಾನು ಕಂಡದ್ದು ಅದೇ ಮೊದಲು. ಬಿಸಿಲಿಗೆ ತಲೆಗೆ ಹಾಕುವ ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ, ಕೆಂಪು ಹರಿವೆ ಕಟ್ಟಿ ಕಟ್ಟಿ ಗುಲಾಬಿಗಟ್ಟಿದ ಅಂಗೈ, ಇವೆರಡೂ ಇಲ್ಲದ ಹರಿವೆಕ್ಕ ನಮ್ಮ ಓಣಿಗೆ ಗೊತ್ತೇ ಇರಲಿಲ್ಲ.

ಇಪ್ಪತ್ತು ವರ್ಷ ಆ ಗದ್ದೆಯನ್ನು ಗೇಣಿಗೆ ಮಾಡಿದವರು. ಕೊರೊನಾದಲ್ಲಿ ಮಾರ್ಕೆಟ್ ಮುಚ್ಚಿತು, ಅವರ ಕೊಯ್ಲು ನಿಲ್ಲಲಿಲ್ಲ. "ಹೂ ಬಂದರೆ ಮತ್ತೆ ದನಕ್ಕೂ ಬೇಡ. ಹರಿವೆಗೆ ಲಾಕ್‌ಡೌನ್ ಗೊತ್ತುಂಟಾ ಮಾರಾಯ್ತಿ?" ಎನ್ನುತ್ತಾ ಪ್ರತಿ ಮನೆಯ ಕಂಪೌಂಡಿನ ಮೇಲೆ ಒಂದೊಂದು ಕಟ್ಟು ಇಟ್ಟು ಹೋಗುತ್ತಿದ್ದರು. ಆ ಎರಡು ತಿಂಗಳು ನಮ್ಮ ಮನೆಯವರು ಉಂಡ ಸೊಪ್ಪೆಲ್ಲ ಅದೇ.

ತರಕಾರಿ ಬೆಳೆದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂದಾಗ ಅವರನ್ನು ಕಚೇರಿಗೆ ಕರೆದುಕೊಂಡು ಹೋದವಳು ನಾನೇ.

"ಪಹಣಿ ಉಂಟಾ?" ಎಂದರು ಗುಮಾಸ್ತರು.

"ಪಹಣಿಯಲ್ಲಿ ಧನಿಗಳ ಹೆಸರು. ಬೆಳೆ ನನ್ನದು."

"ಪಹಣಿ ಇಲ್ಲದೆ ನೀವು ಕೃಷಿಕರು ಹೇಗೆ ಆಗ್ತೀರಿ?"

ಹರಿವೆಕ್ಕ ಎರಡೂ ಅಂಗೈಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ಇದು ಎಂತ ಹಾಗಾದರೆ? ಮದರಂಗಿಯಾ?"

ಗುಮಾಸ್ತರು ಸ್ಯಾನಿಟೈಸರ್ ಬಾಟಲಿಯನ್ನು ಅವರತ್ತ ತಳ್ಳಿದರು.

ಮರುವಾರ ಧನಿ ಬಂದದ್ದು ಅದೇ ಅರ್ಜಿಗೆ. ಬೆಳೆಯೊಟ್ಟಿಗೆ ಫೋಟೊ ಬೇಕಂತೆ. ಗೇಣಿಯಲ್ಲಿ ಒಂದು ತಿಂಗಳನ್ನೂ ಬಿಟ್ಟುಕೊಡದ ಮನುಷ್ಯ ಹರಿವೆಕ್ಕನ ಮುಟ್ಟಾಳೆಯನ್ನೇ ಕೇಳಿ ತಲೆಗೆ ಹಾಕಿಕೊಂಡ.

"ಅಕ್ಕ, ಸ್ವಲ್ಪ ಆಚೆ ಹೋಗಿ. ಫೋಟೊದಲ್ಲಿ ಬರ್ತೀರಿ."

ಅಕ್ಕ ಆಚೆ ಹೋದರು. ಅಲ್ಲಿಂದಲೇ ಹೇಳಿದರು, "ಧನಿಗಳೇ, ಕಾಲು ತೆಗೀರಿ. ಮೊನ್ನೆ ಹಾಕಿದ ಬೀಜ ಉಂಟು ಅಲ್ಲಿ."

ನಾನು ಫೋಟೊ ತೆಗೆದೆ. ಆಗುವುದಿಲ್ಲ ಎನ್ನಬಹುದಿತ್ತು. ಹಿರಿಯರು, ಪರಿಚಯದವರು ಎಂಬ ಹಾಳು ದಾಕ್ಷಿಣ್ಯ. ಇಂದಿಗೂ ನೆನಪಾದರೆ ಆ ಧನಿಯ ಮೇಲೆ, ಆ ಕಚೇರಿಯ ಮೇಲೆ ಮೈ ಉರಿಯುತ್ತದೆ. ಆದರೆ ಗುಂಡಿ ಒತ್ತಿದ ಬೆರಳು ನನ್ನದೇ.

ದುಡ್ಡು ಧನಿಗೆ ಬಂತು. ಖುಷಿಯಲ್ಲಿ ಗದ್ದೆಗೆ ಬಂದು ಎಂದಿನ ಹಾಗೆ ಪುಕ್ಕಟೆಗೆ ಎರಡು ಕಟ್ಟು ಎತ್ತಿಕೊಂಡರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹರಿವೆಕ್ಕ ಕೈ ಚಾಚಿದರು.

"ಮೂವತ್ತು ರೂಪಾಯಿ, ಧನಿಗಳೇ."

"ಎಂತ ಅಕ್ಕ, ನನಗೂ ಕ್ರಯವಾ?"

"ಕೃಷಿಕರು ನೀವಲ್ಲವಾ? ನಾನು ಬರೀ ಮಾರುವವಳು."

ಧನಿ ಕೊಟ್ಟರು. ಆ ಮುಟ್ಟಾಳೆಯನ್ನು ಹರಿವೆಕ್ಕ ಮತ್ತೆ ತಲೆಗೆ ಹಾಕಲಿಲ್ಲ. ಬಿತ್ತಿದ ಬೀಜವನ್ನು ಕೋಳಿಗಳಿಂದ ಕಾಯುವ ಬೆದರುಗೊಂಬೆಗೆ ಕಟ್ಟಿದರು.

ಕಳೆದ ವರ್ಷ ಮಳೆಗೆ ಮುಂಚೆ ಅವರು ತೀರಿಕೊಂಡರು. ಆಸ್ಪತ್ರೆಯಲ್ಲಿ ಮರಣದ ಫಾರ್ಮು ತುಂಬಿಸುವಾಗ ಉದ್ಯೋಗ ಎಂತ ಎಂದು ಕೇಳಿದರು. ಅವರ ಮಗಳು ನನ್ನ ಮುಖ ನೋಡಿದಳು. "ಕೃಷಿ" ಎಂದೆ. ಕೌಂಟರಿನವರು ತಲೆ ಎತ್ತದೆ ಬರೆದುಕೊಂಡರು. ಪಹಣಿ ಕೇಳಲಿಲ್ಲ.